ಅಂತರ್ಜಾಲದ ತಂಡಪಂದ್ಯಗಳಲ್ಲಿ ನ್ಯಾಯದ ಕಟ್ಟಳೆಗಳು

ಭಾರತಯುದ್ಧವು ಆರಂಭವಾಗುವುದಕ್ಕೆ ಮುಂಚೆ ಕೌರವರೂ ಪಾಂಡವರೂ ಕೂಡಿ ಯುದ್ಧದ ಕಟ್ಟಳೆಗಳನ್ನು ಗೊತ್ತುಮಾಡಿಕೊಂಡರೆಂದು ಭೀಷ್ಮಪರ್ವವು ಹೇಳುತ್ತದೆ. ರಥಿಕನು ರಥಿಕನೊಡನೆಯೂ ಗಜಾರೋಹಿಯು ಗಜಾರೋಹಿಯೊಡನೆಯೂ ಕಾದತಕ್ಕದ್ದು. ಆಯುಧವನ್ನು ಕಳೆದುಕೊಂಡವನನ್ನೂ ಬೆನ್ನುತೋರಿದವನನ್ನೂ ಹೊಡೆಯತಕ್ಕದ್ದಲ್ಲ. ಈ ಕಟ್ಟಳೆಗಳಲ್ಲಿ ಉಳಿದುವೆಷ್ಟು, ಮುರಿದುವೆಷ್ಟು ಎಂಬುದು ವಾಚಕರಿಗೆ ತಿಳಿದೇ ಇದೆ. ಮುರಿದವನನ್ನು ವಿಚಾರಿಸುವ ಅಧಿಕಾರವು ಯಾರದೆಂಬುದು ಮಾತ್ರ ಅಲ್ಲಿ ಗೊತ್ತಾಗಿರಲಿಲ್ಲ. ಅಂತರ್ಜಾಲದ ಮೂಲಕ ತಂಡತಂಡಗಳಾಗಿ ಆಡುವ ಗಣಕಯಂತ್ರದ ಆಟಗಳಲ್ಲಿ ಈ ಹಳೆಯ ಪ್ರಶ್ನೆಯೇ ಈಗ ಹೊಸ ರೂಪದಿಂದ ತಲೆದೋರಿದೆ. ಕೌಂಟರ್-ಸ್ಟ್ರೈಕ್ ಎಂಬ ಆಟವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಪಂದ್ಯಾವಳಿಯ ನಿಯಮವು ನ್ಯಾಯವಾದುದೆನಿಸಬೇಕಾದರೆ ಅದರಲ್ಲಿ ಯಾವ ಗುಣಗಳಿರಬೇಕೆಂಬುದನ್ನು ಇಲ್ಲಿ ವಿಚಾರಮಾಡಿದೆ.

ಈ ಆಟವು 1999ರಲ್ಲಿ ಮತ್ತೊಂದು ಆಟದ ಮಾರ್ಪಾಟಾಗಿ ಹುಟ್ಟಿತು. ತಂಡಕ್ಕೆ ಐವರಂತೆ ಎರಡು ತಂಡಗಳು ಎದುರಾಗುವುವು. ಒಂದು ಪಕ್ಷವು ಗೊತ್ತಾದ ಸ್ಥಳದಲ್ಲಿ ಬಾಂಬನ್ನು ಇಟ್ಟು ಸಿಡಿಸಲು ಯತ್ನಿಸುವುದು. ಇನ್ನೊಂದು ಅದನ್ನು ತಡೆಯುವುದು. ಇಬ್ಬರ ಕೆಲಸವೂ ಬೇರೆಯಾದುದರಿಂದ ಎರಡು ಪಕ್ಷಗಳ ಅನುಕೂಲವೂ ಸಮವಲ್ಲ. ಕೆಲವು ರಂಗಗಳು ಕಾಯುವವರಿಗೆ ಅನುಕೂಲವಾದರೆ ಕೆಲವು ನುಗ್ಗುವವರಿಗೆ ಅನುಕೂಲ. ಈ ಅಸಮತೆಯನ್ನು ತೊಡೆದುಹಾಕಲು ಹೊರಟರೆ ಆಟದ ಸ್ವಾರಸ್ಯವೇ ಹೋಗುವುದು. ಆದುದರಿಂದ ನಿಯಮಕಾರರು ಅದನ್ನು ಇಬ್ಬರಿಗೂ ಸಮನಾಗಿ ಹಂಚಿದರು. 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರ ಪಂದ್ಯಗಳಲ್ಲಿ 12 ಸುತ್ತುಗಳಾದ ಮೇಲೆ ತಂಡಗಳು ಪಕ್ಷವನ್ನು ಬದಲಾಯಿಸಿಕೊಳ್ಳುತ್ತವೆ. ಮೊದಲು 13 ಸುತ್ತುಗಳನ್ನು ಗೆದ್ದುದೇ ಜಯಶಾಲಿ. ರಂಗದ ಆಯ್ಕೆಯಲ್ಲಿಯೂ ಇದೇ ನ್ಯಾಯವುಂಟು. ಗೊತ್ತಾದ ಏಳು ರಂಗಗಳಲ್ಲಿ ತಮಗೆ ಬೇಡವಾದುವನ್ನು ತಂಡಗಳು ಒಂದಾದಮೇಲೊಂದು ತಳ್ಳಿಹಾಕುವುವು, ಬೇಕಾದುದನ್ನು ಆರಿಸಿಕೊಳ್ಳುವುವು. ಒಬ್ಬರು ರಂಗವನ್ನು ಆರಿಸಿದರೆ ಯಾವ ಪಕ್ಷದಿಂದ ಆರಂಭಿಸಬೇಕೆಂಬುದನ್ನು ಆರಿಸುವ ಹಕ್ಕು ಎದುರಾಳಿಯದು. ಹೋಳಿಗೆಯನ್ನು ಮುರಿಯುವವನು ಒಬ್ಬ, ಮೊದಲು ಆರಿಸಿಕೊಳ್ಳುವವನು ಇನ್ನೊಬ್ಬ ಎಂಬಂತೆ ಇದು.

ಅಂತರ್ಜಾಲಕ್ಕೇ ವಿಶೇಷವಾದ ಮತ್ತೊಂದು ಅಸಮತೆಯುಂಟು, ಅದು ದೂರ. ಆಟವು ಸರ್ವರ್ ಎಂಬ ಕೇಂದ್ರಯಂತ್ರದಲ್ಲಿ ನಡೆಯುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಹೋಗಬಲ್ಲುದು. ಆಟಗಾರನು ಯಂತ್ರದಿಂದ 8,000 ಕಿಲೋಮೀಟರು ದೂರದಲ್ಲಿದ್ದರೆ ಅವನ ಸಂಕೇತವು ಹೋಗಿಬರುವುದಕ್ಕೆ ಕಡಮೆಯೆಂದರೂ 80 ಮಿಲಿಸೆಕೆಂಡು ಬೇಕು. ಅದೇ ಊರಿನಲ್ಲಿರುವ ಎದುರಾಳಿಗೆ ಈ ವಿಳಂಬವು ಇಲ್ಲವೆಂದೇ ಹೇಳಬಹುದು. ಕ್ಷಣಾರ್ಧದಲ್ಲಿ ಗುರಿಯಿಡಬೇಕಾದ ಆಟದಲ್ಲಿ ಇದು ಅಲ್ಪವಾದ ವ್ಯತ್ಯಾಸವಲ್ಲ. ದೂರದ ತಂಡಗಳು ಎದುರಾದಾಗ ಯಂತ್ರವನ್ನು ನಡುವಣ ಸ್ಥಳದಲ್ಲಿ ಗೊತ್ತುಮಾಡುವುದು, ಅದು ಸಾಧ್ಯವಿಲ್ಲದಿದ್ದರೆ ಒಂದು ಆಟವನ್ನು ಅವರಿಗೆ ಸಮೀಪದಲ್ಲಿ, ಇನ್ನೊಂದನ್ನು ಇವರಿಗೆ ಸಮೀಪದಲ್ಲಿ ನಡೆಸುವುದು ಉಚಿತ. ನಡುವೆ ಸಂಪರ್ಕವು ಕಡಿದರೆ ಎಷ್ಟು ಹೊತ್ತು ಆಟವನ್ನು ನಿಲ್ಲಿಸಬಹುದೆಂಬುದೂ ಮೊದಲೇ ನಿಶ್ಚಯವಾಗಿರತಕ್ಕದ್ದು.

ಇಷ್ಟರಿಂದ ಒಂದು ಪಂದ್ಯವು ನ್ಯಾಯವಾಗಬಹುದು. ಪಂದ್ಯಾವಳಿಯ ನ್ಯಾಯವು ಬೇರೆ. 16 ತಂಡಗಳಿರಲು, ಸೋತವರು ಒಡನೆಯೇ ಹೊರಬೀಳುವ ಪದ್ಧತಿಯಲ್ಲಿ 15 ಪಂದ್ಯಗಳು ಸಾಕು. ಆದರೆ ಒಂದು ದಿನದ ದುರದೃಷ್ಟವು ಸಮರ್ಥರನ್ನು ಮನೆಗೆ ಕಳುಹಿಸಬಹುದು. ಎಲ್ಲರೂ ಎಲ್ಲರೊಡನೆ ಆಡುವುದಾದರೆ 120 ಪಂದ್ಯಗಳಾಗುವುವು. ಇವೆರಡರ ನಡುವಣ ದಾರಿಯೇ 1895ರಲ್ಲಿ ಜ್ಯೂರಿಕ್ ನಗರದ ಚದುರಂಗದ ಪಂದ್ಯಾವಳಿಯಲ್ಲಿ ಬಳಕೆಗೆ ಬಂದ ಸ್ವಿಸ್ ಪದ್ಧತಿ. 2017ರಿಂದ ಕೌಂಟರ್-ಸ್ಟ್ರೈಕಿನ ಪ್ರಮುಖ ಪಂದ್ಯಾವಳಿಗಳು ಇದನ್ನು ಅನುಸರಿಸಿವೆ. ಸಮಾನವಾದ ಗೆಲವುಸೋಲುಗಳುಳ್ಳ ತಂಡಗಳು ಪರಸ್ಪರ ಎದುರಾಗುವುವು. ಮೂರು ಗೆಲವು ಬಂದವರು ಮುಂದಿನ ಘಟ್ಟಕ್ಕೆ ಏರುವರು, ಮೂರು ಸೋಲು ಬಂದವರು ಹೊರಗಾಗುವರು. ಹೀಗೆ 33 ಪಂದ್ಯಗಳಲ್ಲಿ ಎಂಟು ತಂಡಗಳು ಆರಿಸಲ್ಪಡುವುವು. ಒಂದು ಸೋಲಿನಿಂದ ಯಾರಿಗೂ ಕೇಡಾಗದು. ಪ್ರತಿಯೊಂದು ಗೆಲವಿಗೂ ಬೆಲೆಯಿರುವುದು.

ಈ ಕೊನೆಯ ಗುಣವೇ ಎಲ್ಲಕ್ಕಿಂತ ಮುಖ್ಯವಾದುದು. ಅದು ಇಲ್ಲದ ಕಡೆ ಏನಾಗುವುದೆಂಬುದಕ್ಕೆ 2012ರ ಲಂಡನ್ ಒಲಿಂಪಿಕ್ಸಿನ ಬ್ಯಾಡ್ಮಿಂಟನ್ ಸಾಕ್ಷಿ. ಅಲ್ಲಿ ಮಹಿಳೆಯರ ಜೋಡಿಗಳು ಮೊದಲು ಗುಂಪುಗಳಲ್ಲಿ ಆಡಿ, ಅನಂತರ ಸೋತವರು ಹೊರಬೀಳುವ ಘಟ್ಟವನ್ನು ಸೇರುವಂತೆ ನಿಯಮವಿದ್ದಿತು. ಪ್ರಬಲವಾದ ಚೀನೀ ಜೋಡಿಯೊಂದು ಅನಿರೀಕ್ಷಿತವಾಗಿ ತನ್ನ ಗುಂಪಿನಲ್ಲಿ ಎರಡನೆಯ ಸ್ಥಾನಕ್ಕೆ ಇಳಿಯಿತು. ಅದರ ಪರಿಣಾಮವಾಗಿ, ಕೊನೆಯ ಗುಂಪಿನ ಪಂದ್ಯವನ್ನು ಗೆಲ್ಲುವುದಕ್ಕಿಂತ ಸೋಲುವುದೇ ಮೇಲೆಂಬ ಸ್ಥಿತಿಯು ಇತರರಿಗೆ ಒದಗಿತು. ನಾಲ್ಕು ಜೋಡಿಗಳು ಬೇಕೆಂದೇ ಚೆಂಡನ್ನು ಬಲೆಗೆ ಹೊಡೆದುವು. ನಾಲ್ಕೂ ಪಂದ್ಯಾವಳಿಯಿಂದ ಬಹಿಷ್ಕೃತವಾದುವು. ಆಟಗಾರ್ತಿಯರದು ತಪ್ಪಲ್ಲವೆಂದು ಹೇಳಲಾಗದು. ಆದರೆ ಪದಕವನ್ನು ಪಡೆಯುವ ಯತ್ನವೂ ಎದುರಿನ ಪಂದ್ಯವನ್ನು ಗೆಲ್ಲುವ ಯತ್ನವೂ ವಿರುದ್ಧ ದಿಕ್ಕುಗಳಲ್ಲಿ ಎಳೆಯುವಂತೆ ಮಾಡಿದುದು ನಿಯಮ. ದಂಡನೆಯು ಆಟಗಾರ್ತಿಯರಿಗೆ ತಗಲಿತು. ಗುಂಪುಗಳನ್ನು ಮಾಡಿಕೊಂಡು ನಡೆಯುವ ಅಂತರ್ಜಾಲದ ಪಂದ್ಯಾವಳಿಗಳಿಗೂ ಈ ಅಪಾಯವು ತಪ್ಪಿದ್ದಲ್ಲ.

ಇನ್ನೊಂದು ನಿದರ್ಶನವು ಕೌಂಟರ್-ಸ್ಟ್ರೈಕಿನದೇ. 2014ರ ನವೆಂಬರಿನಲ್ಲಿ ಸ್ವೀಡನ್ನಿನ ಯೋನ್‌ಶೋಪಿಂಗಿನಲ್ಲಿ ನಡೆದ ಡ್ರೀಮ್‌ಹ್ಯಾಕ್ ಪಂದ್ಯಾವಳಿಯಲ್ಲಿ ಸ್ವೀಡನ್ನಿನ ಫ್ನ್ಯಾಟಿಕ್ ತಂಡಕ್ಕೂ ಫ್ರಾನ್ಸಿನ ಎಲ್‌ಡಿಎಲ್‌ಸಿ ತಂಡಕ್ಕೂ ಎಂಟರ ಘಟ್ಟದ ಪಂದ್ಯವಾಯಿತು. ನಿರ್ಣಾಯಕವಾದ ಆಟದಲ್ಲಿ 3–13ರಷ್ಟು ಹಿಂದೆ ಬಿದ್ದಿದ್ದ ಫ್ನ್ಯಾಟಿಕ್ 16–13ರಿಂದ ಗೆದ್ದಿತು. ಮೂವರು ಒಬ್ಬರ ಮೇಲೊಬ್ಬರು ನಿಂತು, ರಂಗದ ಬಹುಭಾಗವು ಕಾಣುವ ಎತ್ತರದ ನೆಲೆಯೊಂದನ್ನು ಸೇರಿದುದೇ ಇದಕ್ಕೆ ಕಾರಣ. ಆಟದ ರಚನೆಯಲ್ಲಿಯ ದೋಷದಿಂದ ಲಾಭ ಪಡೆಯಬಾರದೆಂಬ ನಿಯಮವು ಇಲ್ಲದಿರಲಿಲ್ಲ; ಆದರೆ ಜಾಣ್ಮೆಯ ಮೇರೆಯೆಲ್ಲಿ, ದೋಷದ ದುರುಪಯೋಗವೆಲ್ಲಿ ಎಂಬುದು ವಿವಾದಕ್ಕೆ ಬಿದ್ದಿತು. ಎಲ್‌ಡಿಎಲ್‌ಸಿ ದೂರುಕೊಟ್ಟಿತು, ಎಲ್‌ಡಿಎಲ್‌ಸಿಯೂ ಅಂಥದೇ ನೆಲೆಯನ್ನು ಬಳಸಿತ್ತೆಂದು ಪ್ರತಿದೂರು ಬಂದಿತು. ಇಡೀ ಆಟವನ್ನು ಮತ್ತೆ ಆಡಬೇಕೆಂದು ತೀರ್ಪಾಯಿತು. ಫ್ನ್ಯಾಟಿಕ್ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಎಲ್‌ಡಿಎಲ್‌ಸಿ ಮುಂದೆ ಪಂದ್ಯಾವಳಿಯನ್ನು ಗೆದ್ದಿತು. ತೀರ್ಪು ಸರಿಯೇ ಇದ್ದಿರಬಹುದು. ಆದರೆ ಆಟ ಮುಗಿದಮೇಲೆ ಮೇರೆಯನ್ನು ಎಳೆದರೆ, ಅದು ಎಷ್ಟೇ ನೇರವಾಗಿದ್ದರೂ ಸೋತವನ ಕಣ್ಣಿಗೆ ಡೊಂಕಾಗಿಯೇ ಕಾಣುವುದು.

ಇದುವರೆಗಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುವುವು. ತೊಡೆಯಲಾಗದ ಅಸಮತೆಯನ್ನು ಇಬ್ಬರಿಗೂ ಸಮನಾಗಿ ಹಂಚತಕ್ಕದ್ದು. ಯಾವ ಘಟ್ಟದಲ್ಲಿಯೂ ಸೋಲು ಲಾಭಕರವಾಗದಂತೆ ಪಂದ್ಯಾವಳಿಯನ್ನು ರಚಿಸತಕ್ಕದ್ದು. ನಿಷಿದ್ಧವೇನು, ಅದನ್ನು ಮಾಡಿದವರಿಗೆ ಆಗುವುದೇನು, ತೀರ್ಪು ಯಾರದು ಎಂಬುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಬರೆದು ಸಾರತಕ್ಕದ್ದು. ಹತ್ತು ಮಂದಿ ಗೆಳೆಯರು ಕೂಡಿ ನಡೆಸುವ ಸಣ್ಣ ಪಂದ್ಯಾವಳಿಗೂ ಲಕ್ಷಾಂತರ ಜನರು ನೋಡುವ ದೊಡ್ಡ ಪಂದ್ಯಾವಳಿಗೂ ಈ ಮಾತು ಒಂದೇ. ಆಟಗಾರನು ಸತ್ಯವಂತನಾಗಿರಬೇಕೆಂದು ಬಯಸುವುದು ಸರಿ. ಆದರೆ ಸತ್ಯವಂತನು ತನ್ನ ಸತ್ಯಕ್ಕಾಗಿಯೇ ಸೋಲುವಂತೆ ನಿಯಮವನ್ನು ಕಟ್ಟಿ, ಅನಂತರ ಅವನ ಜಾರುವಿಕೆಯನ್ನು ಹಳಿಯುವುದು ನ್ಯಾಯವಲ್ಲ.