ಗೋಧಿಹುಲ್ಲು: ಪರಂಪರೆ, ಪೋಷಣೆ ಮತ್ತು ಚಿಕಿತ್ಸೆ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳ, ಸಿಂಗಾಪುರಗಳ ಪರಿಸರ ಮೂಲತಃ ರಾಗಿಯ ಸೀಮೆ. ಕರ್ನಾಟಕದಲ್ಲಿ ಗೋಧಿಯು ಹಿಂಗಾರಿ ಬೆಳೆಯಾಗಿ ನೆಲೆಯೂರಿರುವುದು ಧಾರವಾಡ, ಬೆಳಗಾವಿ, ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ. ಆದರೂ ಇಂದು ಬೆಂಗಳೂರಿನ ಉದ್ಯಾನಗಳ ಬಳಿ ಬೆಳಗಿನ ಹೊತ್ತು ಗೋಧಿಹುಲ್ಲಿನ ರಸ ಮಾರಾಟವಾಗುತ್ತದೆ. ಅದನ್ನು ಪ್ರಾಚೀನ ಔಷಧವೆಂದು ಪರಿಚಯಿಸುವುದೂ ಉಂಟು. ಈ ಹೇಳಿಕೆ ಪರಿಶೀಲನಾರ್ಹವಾದುದು.

ಹದಿನಾರನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ವು ಮಹಾಗೋಧೂಮ, ಮಧೂಲಿ, ನಂದೀಮುಖ ಎಂದು ಗೋಧಿಯಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ಗೋಧಿಯು ಮಧುರ, ಶೀತ, ಗುರು, ವಾತಪಿತ್ತಹರ ಹಾಗೂ ದೇಹಪುಷ್ಟಿಕರ ಎಂಬುದು ಅಲ್ಲಿಯ ನಿರೂಪಣೆ. ಈ ಗುಣಗಳೆಲ್ಲ ಕಾಳಿಗೆ ಸಂಬಂಧಿಸಿದವು. ಎಳೆಯ ಪೈರಿಗೆ ನಮ್ಮಲ್ಲಿ ಗೌರವವಿರುವುದು ಆಚರಣೆಯಲ್ಲಿ: ಮದುವೆ, ದೇವಾಲಯದ ಉತ್ಸವಗಳ ಅಂಕುರಾರ್ಪಣೆಯಲ್ಲಿ ಪಾಲಿಕೆಗಳಲ್ಲಿ ನವಧಾನ್ಯ ಬಿತ್ತುತ್ತಾರೆ. ಅದು ಸಮೃದ್ಧಿಯ ಸಂಕೇತವೇ ಹೊರತು ಔಷಧವಲ್ಲ.

ರಸಚಿಕಿತ್ಸೆಯ ಇತಿಹಾಸ ಇಪ್ಪತ್ತನೆಯ ಶತಮಾನದ್ದು. 1930ರ ದಶಕದಲ್ಲಿ ಅಮೆರಿಕದ ಕೃಷಿ ರಸಾಯನಜ್ಞ ಚಾರ್ಲ್ಸ್ ಶ್ನಾಬೆಲ್ ಒಣಗಿಸಿದ ಎಳೆಹುಲ್ಲನ್ನು ಕೋಳಿಗಳಿಗೆ ತಿನ್ನಿಸಿ ಪರೀಕ್ಷಿಸಿದನು. ಅನಂತರ ಬಾಸ್ಟನ್ನಿನ ಆನ್ ವಿಗ್ಮೋರ್ ತಾಜಾ ರಸವನ್ನು ಪ್ರಚಾರಕ್ಕೆ ತಂದರು. ಪ್ರಕೃತಿ ಚಿಕಿತ್ಸೆಯ ಮೂಲಕ ಅದು ಭಾರತದಲ್ಲಿಯೂ ಹರಡಿತು.

ಬಿತ್ತಿದ ಏಳರಿಂದ ಹತ್ತು ದಿನಗಳಲ್ಲಿ ಕೊಯ್ಯುವ ಈ ಹುಲ್ಲಿನಲ್ಲಿ ಕ್ಲೋರೋಫಿಲ್, ಕ್ಯಾರೊಟಿನ್, ‘ಸಿ’ ಮತ್ತು ‘ಕೆ’ ಜೀವಸತ್ವಗಳಿವೆ. ಇತರ ಹಸಿರು ಸೊಪ್ಪುಗಳಲ್ಲಿಯೂ ಇವು ದೊರೆಯುತ್ತವೆ. ಕ್ಲೋರೋಫಿಲ್ಲಿನ ರಚನೆ ರಕ್ತದ ಹೀಮ್ ಅಣುವನ್ನು ಹೋಲುವುದರಿಂದ ರಸಕ್ಕೆ ‘ಹಸಿರು ರಕ್ತ’ವೆಂಬ ಹೆಸರು ಬಂದಿದೆ. ಆದರೆ ಮೊದಲನೆಯದರ ಕೇಂದ್ರದಲ್ಲಿರುವುದು ಮೆಗ್ನೀಸಿಯಂ, ಎರಡನೆಯದರಲ್ಲಿ ಕಬ್ಬಿಣ. ಮಾನವ ದೇಹವು ಕ್ಲೋರೋಫಿಲ್ಲನ್ನು ಹಿಮೋಗ್ಲೋಬಿನ್ ಆಗಿ ಮಾರ್ಪಡಿಸುವುದಿಲ್ಲ.

ವೈದ್ಯಕೀಯ ಪುರಾವೆ ಅಲ್ಪ. 2002ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ ಕರುಳಿನ ಹುಣ್ಣಿನ ಉರಿಯೂತವಿದ್ದ 23 ರೋಗಿಗಳನ್ನು ಎರಡು ಗುಂಪುಗಳಾಗಿಸಿ, ಒಂದಕ್ಕೆ ನಿತ್ಯ 100 ಮಿ.ಲೀ. ರಸವನ್ನೂ ಇನ್ನೊಂದಕ್ಕೆ ಅದನ್ನೇ ಹೋಲುವ ಪಾನೀಯವನ್ನೂ ಒಂದು ತಿಂಗಳು ನೀಡಲಾಯಿತು. ರಸ ಸೇವಿಸಿದವರಲ್ಲಿ ಸುಧಾರಣೆ ಕಂಡುಬಂತು. 2004ರಲ್ಲಿ ಪ್ರಕಟವಾದ ಚಂಡೀಗಢದ ಪ್ರಾಥಮಿಕ ಅಧ್ಯಯನದಲ್ಲಿ ವಿಶ್ಲೇಷಿಸಲಾದ 16 ಥಲಸ್ಸೀಮಿಯ ರೋಗಿಗಳ ಪೈಕಿ ಎಂಟು ಮಂದಿಗೆ ರಕ್ತಪೂರಣದ ಅಗತ್ಯ ಶೇ. 25ಕ್ಕಿಂತ ಹೆಚ್ಚು ಇಳಿಯಿತು. ಅನಂತರದ ಎಲ್ಲ ಅಧ್ಯಯನಗಳಲ್ಲಿ ಇದೇ ಫಲ ದೊರೆಯಲಿಲ್ಲ.

ಆದ್ದರಿಂದ ರಸವನ್ನು ನಂಬಿ ರಕ್ತಪೂರಣವನ್ನು ನಿಲ್ಲಿಸುವುದು ಪ್ರಾಣಾಪಾಯಕರ. ‘ಕೆ’ ಜೀವಸತ್ವವು ವಾರ್ಫರಿನ್‌ನ ಪರಿಣಾಮವನ್ನು ಕುಗ್ಗಿಸುವುದರಿಂದ ಆ ಔಷಧ ಸೇವಿಸುವವರು ವೈದ್ಯರನ್ನು ಕೇಳಬೇಕು. ತಟ್ಟೆಯಲ್ಲಿ ಬೂಷ್ಟು ಹಿಡಿದ ಹುಲ್ಲು ವರ್ಜ್ಯ. ಗೋಧಿಹುಲ್ಲು ಪೂರಕ ಆಹಾರವಾಗಬಲ್ಲುದು. ಚಿಕಿತ್ಸೆಯ ಸ್ಥಾನವನ್ನು ಅದು ಇನ್ನೂ ಗಳಿಸಿಲ್ಲ.