ಲೇಬಲ್ ನೂರು, ರುಚಿ ಮೂರು: ಬಿಯರ್‌ಗೆ ಅಂಕ ಹಾಕುವ ಮುನ್ನ...

ಶಿಕಾರಿಪುರ: ಸಂಜೆಯ ಹೊತ್ತು ಪಟ್ಟಣದ ಯಾವುದೇ ಮದ್ಯದಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು. ಬಿಯರ್ ಕೇಳಲು ಬಂದವರ ಮೊದಲ ಪ್ರಶ್ನೆ ‘ಚಿಲ್ಡ್ ಇದ್ಯಾ?’. ಎರಡನೆಯ ಪ್ರಶ್ನೆ ‘ಸ್ಟ್ರಾಂಗ್ ತಾನೇ?’. ಮೂರನೆಯ ಪ್ರಶ್ನೆ ಇರುವುದಿಲ್ಲ. ಸೊರಬದಲ್ಲೂ ಇದೇ ಕಥೆ, ಶಿರಾಳಕೊಪ್ಪದಲ್ಲೂ ಇದೇ ಕಥೆ.

ಆ ಮೂರನೆಯ ಪ್ರಶ್ನೆಯನ್ನು, ಅಂದರೆ ‘ರುಚಿ ಹೇಗಿದೆ?’ ಎಂಬುದನ್ನು ಕೇಳಿಯೇ ಬಿಡೋಣ ಎಂದು ಈ ವರದಿಗಾರನೂ ಮೂವರು ಗೆಳೆಯರೂ ಒಮ್ಮೆ ಪಣ ತೊಟ್ಟಿದ್ದುಂಟು. ಒಂದು ವರ್ಷದಲ್ಲಿ ಐವತ್ತು ಬಗೆಯ ಬಿಯರ್ ಸವಿಯುವುದು, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ನೀಡುವುದು, ಎಲ್ಲವನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಾಖಲಿಸುವುದು. ವಿದೇಶಗಳಲ್ಲಿ ಇದು ಹೊಸ ಹವ್ಯಾಸವೇನಲ್ಲ. ಹಕ್ಕಿ ವೀಕ್ಷಕರು ಕಂಡ ಹಕ್ಕಿಗಳ ಪಟ್ಟಿ ಇಡುವಂತೆ, ಕುಡಿದ ಪ್ರತಿ ಹೊಸ ಬಿಯರ್‌ಗೆ ಟಿಕ್ ಹಾಕುತ್ತ ಊರೂರು ಸುತ್ತುವವರನ್ನು ಬ್ರಿಟನ್ನಿನಲ್ಲಿ ‘ಟಿಕ್ಕರ್’ಗಳೆಂದೇ ಕರೆಯುತ್ತಾರೆ.

ನಮ್ಮ ಪಣ ಅರ್ಧದಲ್ಲೇ ಮುರಿದುಬಿತ್ತು. ಏಕೆ ಮುರಿಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೆಸರು ಬೇರೆ, ಪಾಕ ಒಂದೇ

ಬಿಯರ್‌ಗೆ ಬೇಕಾದುದು ನಾಲ್ಕೇ ವಸ್ತು: ನೀರು, ಬಾರ್ಲಿ, ಹಾಪ್ಸ್ ಮತ್ತು ಯೀಸ್ಟ್. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವಂತೆಯೇ ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸಲಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹೀಗೆ ದೊರೆತ ಸಿಹಿ ಕಷಾಯಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲನ್ನು ಹಾಕಿ ಕುದಿಸಿದಾಗ ಹಿತವಾದ ಕಹಿ ಮತ್ತು ಪರಿಮಳ ಬರುತ್ತದೆ. ತಣಿಸಿ ಯೀಸ್ಟ್ ಬೆರೆಸಿದರೆ, ದೋಸೆ ಹಿಟ್ಟು ಉಬ್ಬುವಂತೆ ಹುದುಗು ಆರಂಭವಾಗುತ್ತದೆ. ಸಕ್ಕರೆಯು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಮಾರ್ಪಡುತ್ತದೆ.

ಯೀಸ್ಟ್‌ನ ಜಾತಿ ಮತ್ತು ಹುದುಗಿನ ಉಷ್ಣತೆಯ ಮೇಲೆ ಜಗತ್ತಿನ ಬಿಯರ್‌ಗಳು ಮುಖ್ಯವಾಗಿ ಎರಡು ಕುಲಗಳಾಗಿ ಒಡೆಯುತ್ತವೆ. ತುಸು ಬೆಚ್ಚಗೆ, ಬೇಗ ಹುದುಗುವುದು ಏಲ್. ಹಣ್ಣು, ಮಸಾಲೆಗಳ ಪರಿಮಳ ಇದರಲ್ಲಿ ಹೆಚ್ಚು. ತಂಪಿನಲ್ಲಿ, ನಿಧಾನವಾಗಿ ಹುದುಗುವುದು ಲಾಗರ್. ಇದು ತಿಳಿ, ಸರಳ. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ನಗರದಲ್ಲಿ ಯೋಸೆಫ್ ಗ್ರೋಲ್ ಎಂಬಾತ ತಯಾರಿಸಿದ ಹೊಂಬಣ್ಣದ ಲಾಗರ್ ಜಗತ್ತನ್ನೇ ಗೆದ್ದಿತು. ಇಂದು ನಮ್ಮ ತಾಲ್ಲೂಕಿನ ಅಂಗಡಿಗಳ ಫ್ರಿಜ್‌ಗಳಲ್ಲಿ ಸಾಲಾಗಿ ನಿಂತಿರುವುದು ಬಹುತೇಕ ಅದರ ದೂರದ ಸಂತತಿಯೇ.

ನಮ್ಮ ನೋಟ್‌ಬುಕ್ ಕಲಿಸಿದ ಮೊದಲ ಪಾಠ ಇದು. ಪಟ್ಟಿಯಲ್ಲಿ ಹೆಸರುಗಳು ಬೆಳೆದವು, ಬಗೆಗಳು ಬೆಳೆಯಲಿಲ್ಲ. ಮೈಲ್ಡ್ ಲಾಗರ್, ಸ್ಟ್ರಾಂಗ್ ಲಾಗರ್, ಅದೃಷ್ಟವಿದ್ದರೆ ಒಂದೆರಡು ಗೋಧಿ ಬಿಯರ್. ಇಷ್ಟೇ! ಹುಲಿ, ಆನೆ, ಹಕ್ಕಿಗಳ ಚಿತ್ರಗಳು ಬೇರೆಯಾದರೂ ಒಳಗಿನ ಪಾಕ ಹೆಚ್ಚುಕಡಿಮೆ ಒಂದೇ.

ಇದಕ್ಕೆ ಕಾರಣಗಳೂ ಇವೆ. ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯುತ್ತದೆ. ತಾಲ್ಲೂಕು ಕೇಂದ್ರದ ಅಂಗಡಿಯವರು ಅಲ್ಲಿಂದ ಬೇಗ ಖರ್ಚಾಗುವ ಸರಕನ್ನಷ್ಟೇ ಎತ್ತುತ್ತಾರೆ. ವಾರಕ್ಕೊಂದು ಬಾಟಲಿ ಮಾರಾಟವಾಗುವ ಅಪರೂಪದ ಬಿಯರ್‌ಗೆ ಫ್ರಿಜ್‌ನಲ್ಲಿ ಜಾಗ ಕೊಡುವುದು ಯಾವ ವ್ಯಾಪಾರಿಗೂ ಕಟ್ಟುವುದಿಲ್ಲ. ಬಗೆಬಗೆಯ ಏಲ್, ಕಪ್ಪು ಸ್ಟೌಟ್‌ಗಳನ್ನು ಸವಿಯಬೇಕೆಂದರೆ 2010ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಮೈಕ್ರೋಬ್ರೂವರಿಗಳಿಗೇ ಹೋಗಬೇಕು.

ಹಾಗೆಂದು ಕನ್ನಡನಾಡಿಗೆ ಬಿಯರ್ ಹೊಸದಲ್ಲ. ಸ್ಕಾಟ್ಲೆಂಡ್ ಮೂಲದ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. 1947ರಲ್ಲಿ ವಿಠಲ್ ಮಲ್ಯ ಅದರ ನಿರ್ದೇಶಕರಾದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಆ ಕಂಪೆನಿಯ ನಿಯಂತ್ರಣ 2021ರಲ್ಲಿ ಹಾಲೆಂಡಿನ ಹೈನೆಕೆನ್ ಪಾಲಾಯಿತು.

ಅಕ್ಕಿ, ಮೆಕ್ಕೆಜೋಳ ಮತ್ತು ‘ಕಿಕ್’

ಬಾರ್ಲಿಯೊಂದರಿಂದಲೇ ಬಿಯರ್ ಮಾಡುವುದು ದುಬಾರಿ. ಆದ್ದರಿಂದ ಅಗ್ಗದ ಪಿಷ್ಟವಾಗಿ ಅಕ್ಕಿ, ಮೆಕ್ಕೆಜೋಳ, ಕೆಲವೆಡೆ ನೇರವಾಗಿ ಸಕ್ಕರೆಯನ್ನೂ ಬಳಸುವುದುಂಟು. ಶಿಕಾರಿಪುರದ ಹೊಲಗಳಲ್ಲಿ ಮೆಕ್ಕೆಜೋಳವನ್ನೂ ಸೊರಬದ ಗದ್ದೆಗಳಲ್ಲಿ ಭತ್ತವನ್ನೂ ಕಂಡವರಿಗೆ ಈ ಧಾನ್ಯಗಳು ಹೊಸಬವಲ್ಲ. ಬಿಯರ್‌ನಲ್ಲಿ ಇವು ಆಲ್ಕೋಹಾಲ್ ನೀಡುತ್ತವೆಯೇ ಹೊರತು ಹೆಚ್ಚಿನ ರುಚಿಯನ್ನಲ್ಲ. ಪಾನೀಯ ತೆಳುವಾಗುತ್ತದೆ, ಹಗುರವಾಗುತ್ತದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಮಾನದಂಡದಂತೆ ಶೇ 5ರವರೆಗೆ ಆಲ್ಕೋಹಾಲ್ ಇರುವುದು ಸಾಮಾನ್ಯ ಬಿಯರ್. ಶೇ 5ಕ್ಕಿಂತ ಹೆಚ್ಚು, 8ರವರೆಗೆ ಇದ್ದರೆ ಸ್ಟ್ರಾಂಗ್. ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಸಿಂಹಪಾಲು ಸ್ಟ್ರಾಂಗ್‌ನದೇ. ಕೊಟ್ಟ ಕಾಸಿಗೆ ಎಷ್ಟು ‘ಕಿಕ್’ ಎಂಬ ಲೆಕ್ಕಾಚಾರವೇ ಇದರ ಹಿಂದಿರುವುದು.

ಈ ಲೆಕ್ಕಾಚಾರಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಬೇರುಗಳಿವೆ. ಪ್ಯಾಕೆಟ್ ಸಾರಾಯಿಯ ಕಾಲದಲ್ಲಿ ರುಚಿಯ ಮಾತನ್ನು ಯಾರೂ ಆಡುತ್ತಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಆಗ ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಇದೇ ಶಿಕಾರಿಪುರದ ಶಾಸಕರಾಗಿದ್ದರು. ಪ್ಯಾಕೆಟ್ ಮರೆಯಾಯಿತು, ಆದರೆ ಪಾನೀಯವನ್ನು ಅಮಲಿನಿಂದಷ್ಟೇ ಅಳೆಯುವ ರೂಢಿ ಮರೆಯಾಗಲಿಲ್ಲ. ಅದು ಸಾರಾಯಿಯಿಂದ ಅಗ್ಗದ ಕ್ವಾರ್ಟರ್‌ಗೂ ಸ್ಟ್ರಾಂಗ್ ಬಿಯರ್‌ಗೂ ದಾಟಿಕೊಂಡಿತು.

ಅಂಕ ಹಾಕುವ ಕ್ರಮ

ಹಾಗಾದರೆ ಬಿಯರ್‌ನ ರುಚಿಯನ್ನು ಅಳೆಯುವುದು ಹೇಗೆ? ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಸಂಸ್ಥೆಯೊಂದು 50 ಅಂಕಗಳ ಪದ್ಧತಿಯೊಂದನ್ನು ಬಳಸುತ್ತದೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಗಮನಿಸಿ, ಬಣ್ಣ, ನೊರೆಗಳಿಗೆ ಸಿಗುವುದು ಮೂರೇ ಅಂಕ. ಲೇಬಲ್‌ಗೆ ಸೊನ್ನೆ!

ಲೇಬಲ್‌ನ ಮಹಿಮೆ ಎಷ್ಟೆಂಬುದನ್ನು ರಾಲ್ಫ್ ಆಲಿಸನ್ ಮತ್ತು ಕೆನೆತ್ ಊಲ್ ಎಂಬ ಸಂಶೋಧಕರು 1964ರಲ್ಲೇ ತೋರಿಸಿಕೊಟ್ಟಿದ್ದಾರೆ. ಲೇಬಲ್ ಕಿತ್ತ ಬಾಟಲಿಗಳನ್ನು ಕೊಟ್ಟಾಗ, ನಿತ್ಯ ಬಿಯರ್ ಕುಡಿಯುವವರಿಗೂ ತಮ್ಮ ನೆಚ್ಚಿನ ಬ್ರಾಂಡ್ ಯಾವುದೆಂದು ಸಾಮಾನ್ಯವಾಗಿ ಗುರುತಿಸಲಾಗಲಿಲ್ಲ. ಲೇಬಲ್ ಸಹಿತ ಕೊಟ್ಟಾಗ ಮಾತ್ರ ಅದೇ ಬ್ರಾಂಡ್‌ಗೆ ಹೆಚ್ಚು ಅಂಕ ಬಿತ್ತು. ಆದ್ದರಿಂದ ಸುರಿಯುವವನೊಬ್ಬ, ಸವಿಯುವವರು ಬೇರೆ ಎಂಬುದು ಮೊದಲ ನಿಯಮ. ಗ್ಲಾಸುಗಳಿಗೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದರೆ ಸಾಕು.

ಎರಡನೆಯದು ತಂಪು. ಮಂಜುಗಡ್ಡೆಯಂತೆ ತಣ್ಣಗಿದ್ದರೆ ನಾಲಿಗೆ ಜೋಮು ಹಿಡಿಯುತ್ತದೆ, ಪರಿಮಳ ಮೇಲೇಳುವುದಿಲ್ಲ. ಕಳಪೆ ಬಿಯರ್‌ನ ದೋಷಗಳನ್ನು ‘ಚಿಲ್ಡ್’ ಎಂಬ ಮಂತ್ರ ಮುಚ್ಚಿಹಾಕುವುದು ಹೀಗೆ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಮೊದಲು ಮೂಸಿ, ಬಳಿಕ ಗುಟುಕರಿಸಬೇಕು.

ಮೂರನೆಯದು ಜತೆಗಿನ ತಿನಿಸು. ಮೆಣಸಿನಕಾಯಿ ಬಜ್ಜಿ ತಿಂದ ನಾಲಿಗೆ ತೀರ್ಪು ಕೊಡಲಾರದು. ಒಗ್ಗರಣೆಯಿಲ್ಲದ ಬರೀ ಮಂಡಕ್ಕಿ ಮತ್ತು ನೀರು ಉತ್ತಮ.

ನಾಲ್ಕನೆಯದು ದೋಷಗಳ ಪರಿಚಯ. ಬಿಸಿಲು ಬಿದ್ದ ಬಿಯರ್‌ನಲ್ಲಿ ಹಾಪ್ಸ್‌ನ ಅಂಶ ಒಡೆದು ದುರ್ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ಅಷ್ಟು ತಡೆಯದು. ಬೇಸಿಗೆಯ ಸೆಖೆಯಲ್ಲಿ ಗೋದಾಮಿನಲ್ಲಿ ಕೊಳೆತದ್ದಾದರೆ ಒದ್ದೆ ರಟ್ಟಿನ ವಾಸನೆ. ಹುದುಗು ಪೂರ್ಣಗೊಳ್ಳದಿದ್ದರೆ ಬೆಣ್ಣೆಯ ಜಿಡ್ಡು. ಬಲ ಹೆಚ್ಚಿಸಲು ಅವಸರದಲ್ಲಿ ಹುದುಗಿಸಿದ್ದಾದರೆ ಗಂಟಲಲ್ಲಿ ಸ್ಪಿರಿಟ್‌ನ ಉರಿ. ಬೆಲೆ ನೋಡುವ ಮುನ್ನ ಬಾಟಲಿ ಮೇಲಿನ ತಯಾರಿಕೆಯ ದಿನಾಂಕ ನೋಡುವುದು ಜಾಣತನ. ವೈನ್‌ನಂತೆ ಇಟ್ಟಷ್ಟೂ ಮಾಗುವ ಗುಣ ಅಂಗಡಿಯ ಲಾಗರ್‌ಗೆ ಇಲ್ಲ.

ಇನ್ನು ಗೋಧಿ ಬಿಯರ್. ಜರ್ಮನ್ ಮಾದರಿಯದರಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳ ಬರುವುದು ಯೀಸ್ಟ್‌ನಿಂದ. ಅಲ್ಲಿ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಬೆಲ್ಜಿಯಂ ಮಾದರಿಯದಕ್ಕೆ ಮಾತ್ರ ನಿಜವಾಗಿಯೂ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ನಮ್ಮ ನೋಟ್‌ಬುಕ್ಕಿನಲ್ಲಿ ಮೂರು ಸಾಲಿಗಿಂತ ಉದ್ದದ ಟಿಪ್ಪಣಿ ಸಿಕ್ಕಿದ್ದು ಇವಕ್ಕೆ ಮಾತ್ರ.

ನೋಟ್‌ಬುಕ್ ಹೇಳಿದ ಸತ್ಯ

ಮೂರ್ನಾಲ್ಕು ಸಂಜೆಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ನೋಟ್‌ಬುಕ್ ತಿರುವಿ ಹಾಕಿದಾಗ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಪ್ರತಿ ಸಂಜೆಯ ಮೊದಲ ಎರಡು ಬಿಯರ್‌ಗಳಿಗೆ ನಾಲ್ಕು, ಐದು, ಆರು ಎಂದು ಎಚ್ಚರದ ಅಂಕಗಳು. ಕೊನೆಯ ಎರಡಕ್ಕೆ ಎಂಟು, ಒಂಬತ್ತು! ಕೈಬರಹವೂ ಸೊಟ್ಟಗಾಗಿತ್ತು. ಕೊನೆಯಲ್ಲಿ ಕುಡಿದ ಬಿಯರ್‌ಗಳು ಉತ್ತಮವಾಗಿರಲಿಲ್ಲ, ತೀರ್ಪುಗಾರರು ಅಮಲಿನಲ್ಲಿದ್ದರು.

ಲೆಕ್ಕ ಹಾಕಿ ನೋಡಿದೆವು. ಶೇ 8ರ 650 ಎಂ.ಎಲ್. ಬಾಟಲಿಯಲ್ಲಿ 52 ಎಂ.ಎಲ್. ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮಲ್ಲಿನ ವಿಸ್ಕಿ, ರಮ್‌ಗಳ ಬಲ ಸಾಮಾನ್ಯವಾಗಿ ಶೇ 42.8. ಅಂದರೆ ಒಂದು ಸ್ಟ್ರಾಂಗ್ ಬಾಟಲಿಯು ಸುಮಾರು 120 ಎಂ.ಎಲ್. ವಿಸ್ಕಿಗೆ ಸಮ. ‘ಬರೀ ಬಿಯರ್ ಅಲ್ವಾ’ ಎನ್ನುವವರು ವಾಸ್ತವವಾಗಿ ‘ನೈಂಟಿ’ಗಿಂತ ಹೆಚ್ಚು ಕುಡಿದಿರುತ್ತಾರೆ. ನಾಲ್ವರು ಸೇರಿ ಒಂದು ಸಂಜೆ ಆರು ಸ್ಟ್ರಾಂಗ್ ಬಾಟಲಿ ‘ಸವಿದರೆ’ ತಲಾ ಒಂದು ಕ್ವಾರ್ಟರ್ ಒಳಗೆ ಹೋದಂತೆ. ಒಬ್ಬನೇ ನೂರು ಸ್ಟ್ರಾಂಗ್ ಬಾಟಲಿಗಳ ಪಣ ತೊಟ್ಟರೆ 5.2 ಲೀಟರ್ ಶುದ್ಧ ಆಲ್ಕೋಹಾಲ್, 750 ಎಂ.ಎಲ್.ನ ಹದಿನಾರು ಫುಲ್ ವಿಸ್ಕಿ ಬಾಟಲಿ!

ಅದಕ್ಕೂ ಹಿಂದಿನ ರಾತ್ರಿ ನಡೆದದ್ದನ್ನು ಮರೆಯಲಾಗದು. ಸೊರಬದ ಗೆಳೆಯನ ಕೊನೆಯ ಬಸ್ಸು ತಪ್ಪಿತ್ತು. ‘ಏನಾಗಲ್ಲ, ಬರೀ ಬಿಯರು’ ಎಂದು ಇನ್ನೊಬ್ಬನ ಬೈಕಿನ ಕೀಲಿ ಎತ್ತಿಕೊಂಡ. ‘ಇವತ್ತು ಇಲ್ಲೇ ಮಲ್ಕೋ ಮಾರಾಯ, ಬೆಳಗ್ಗೆ ಹೋಗೀಯಂತೆ’ ಎಂದು ಕೀಲಿ ಕಸಿದುಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಶಿರಾಳಕೊಪ್ಪದ ಮೇಲೆ ಹಾಯುವ ಆ ರಸ್ತೆಯಲ್ಲಿ ರಾತ್ರಿ ಹೊತ್ತು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ಎದುರಾಗುವುದು ಅವನಿಗೂ ಗೊತ್ತಿತ್ತು. ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತ ನೋಟ್‌ಬುಕ್ ತಿರುವಿ ಹಾಕಿದವನು ಅವನೇ. ಪಣ ಮುಗಿದದ್ದು ಅಲ್ಲಿಗೆ.

ವಾಹನ ಚಾಲಕರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಮೋಟಾರು ವಾಹನ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ದೇಹವು ಒಂದು ಗಂಟೆಯಲ್ಲಿ ಕರಗಿಸಬಲ್ಲದ್ದು ಹೆಚ್ಚುಕಡಿಮೆ 30 ಎಂ.ಎಲ್. ವಿಸ್ಕಿಯಷ್ಟನ್ನು ಮಾತ್ರ. ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಸವಿಯುವುದು ಬೇರೆ, ಕುಡಿಯುವುದು ಬೇರೆ

ಈಗ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಗೆಳೆಯರು ಸೇರುವುದುಂಟು. ನಿಯಮಗಳು ಬದಲಾಗಿವೆ. ಒಂದು ಬಾಟಲಿಯನ್ನು ಆರು ಮಂದಿ ಹಂಚಿಕೊಳ್ಳಬೇಕು; ತಲಾ 100 ಎಂ.ಎಲ್. ಸಾಕು. ಒಂದು ಸಂಜೆಗೆ ನಾಲ್ಕೇ ಬಗೆ. ಶೇ 5ರ ಬಿಯರ್ ಆದರೆ ಒಬ್ಬರಿಗೆ ಒಟ್ಟು ಸಿಗುವುದು 20 ಎಂ.ಎಲ್. ಆಲ್ಕೋಹಾಲ್, ಒಂದೂವರೆ ಪೆಗ್‌ನಷ್ಟು. ಬೈಕಿನ ಕೀಲಿಗಳೆಲ್ಲ ಮೊದಲೇ ಮನೆಯೊಡೆಯನ ಕೈಗೆ. ರಾತ್ರಿ ಅಲ್ಲೇ ವಾಸ್ತವ್ಯ. ಅಂಕಗಳನ್ನು ಬರೆದ ಮೇಲೆ ತಿದ್ದುವಂತಿಲ್ಲ. ಪಟ್ಟಿ ನಿಧಾನವಾಗಿ ಬೆಳೆಯುತ್ತಿದೆ. ಆದರೆ ಅದರಲ್ಲಿನ ಪ್ರತಿ ಅಂಕಕ್ಕೂ ಈಗ ಅರ್ಥವಿದೆ.

ಕುಡಿಯದವರು ಈ ಲೇಖನ ಓದಿ ಆರಂಭಿಸಬೇಕಾದ ಅಗತ್ಯವಂತೂ ಇಲ್ಲ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯುವವರು ಮಾತ್ರ ಮುಂದಿನ ಬಾರಿ ಅಂಗಡಿಯ ಮುಂದೆ ನಿಂತಾಗ ಬಾಟಲಿ ತಿರುಗಿಸಿ ಎರಡು ಸಂಗತಿ ಓದಲಿ: ಆಲ್ಕೋಹಾಲ್‌ನ ಶೇಕಡಾವಾರು ಮತ್ತು ತಯಾರಿಕೆಯ ದಿನಾಂಕ. ಬಿಯರ್‌ಗೆ ಅಂಕ ಹಾಕುವ ಕೆಲಸ ಆರಂಭವಾಗುವುದು ಅಲ್ಲಿಂದ, ‘ಚಿಲ್ಡ್ ಇದ್ಯಾ?’ ಎಂಬ ಪ್ರಶ್ನೆಯಿಂದಲ್ಲ.