ಹಳೆಯ ವಾಚಿಗೆ ಹೊಸ ಬೆಲೆ

ಒಂದು ಕಾಲಕ್ಕೆ ಮದುವೆ ಮಾತುಕತೆಯಲ್ಲಿ ಅಳಿಯನಿಗೆ ಉಂಗುರ, ವಾಚು ಎಂಬ ಪದಗಳು ಜೋಡಿಯಾಗಿಯೇ ಬರುತ್ತಿದ್ದವು. ವಾಚು ಎಂದರೆ ಬಹುಮಟ್ಟಿಗೆ ಎಚ್‌ಎಂಟಿ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳ ಟ್ರಂಕು, ಬೀರುಗಳಲ್ಲಿ ಇಂಥ ವಾಚುಗಳು ಇಂದಿಗೂ ಸಿಕ್ಕಾವು. ಎಂದೋ ನಿಂತುಹೋದ ಈ ವಾಚುಗಳಿಗೆ ಈಗ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಗಂಟೆ ನೋಡಲು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಾಗಿದ್ದರೆ ಇವರು ದುಡ್ಡು ಕೊಟ್ಟು ಕೊಳ್ಳುತ್ತಿರುವುದಾದರೂ ಏನನ್ನು?

ಇದಕ್ಕೆ ಉತ್ತರ ತುಮಕೂರಿನ ಇತಿಹಾಸದಲ್ಲೇ ಇದೆ. ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಕೈಗಡಿಯಾರವೆಂದರೆ ಪರದೇಶದ ವಸ್ತು. ವೆಸ್ಟ್ ಎಂಡ್, ಫಾವ್ರ್-ಲ್ಯೂಬಾ, ರೋಮರ್ ಮುಂತಾದ ಸ್ವಿಸ್ ಹೆಸರುಗಳು ಉಳ್ಳವರ ಮಣಿಕಟ್ಟಿಗೆ ಮೀಸಲಾಗಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಬೇಡಿಕೆ ಏರಿದಂತೆ ಕಾರ್ಖಾನೆಗಳೂ ಹೆಚ್ಚಿದವು; 1978ರಲ್ಲಿ ತುಮಕೂರಿನಲ್ಲೂ ಒಂದು ತಲೆಯೆತ್ತಿತು. ತೆಂಗು, ರಾಗಿಯ ಜಿಲ್ಲೆಗೆ ಕೂದಲೆಳೆಯಷ್ಟು ಸೂಕ್ಷ್ಮದ ಕೈಕೆಲಸ ಬಂದದ್ದು ಹೀಗೆ.

1987ರ ಸುಮಾರಿಗೆ ಹೊಸೂರಿನಿಂದ ಟೈಟಾನ್ ಕಂಪನಿಯ ಕ್ವಾರ್ಟ್ಜ್ ವಾಚುಗಳು ಮಾರುಕಟ್ಟೆಗಿಳಿದ ಮೇಲೆ ಚಿತ್ರ ಬದಲಾಯಿತು. ಬ್ಯಾಟರಿ ಹಾಕಿದರೆ ಕೀಲಿ ಕೊಡುವ ಗೋಜಿಲ್ಲ, ಸಮಯವೂ ಹೆಚ್ಚು ನಿಖರ. ಎಚ್‌ಎಂಟಿ ಹಿಂದೆ ಬಿತ್ತು, ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು.

ವಿಚಿತ್ರವೆಂದರೆ, ಮುಚ್ಚುವ ಸುದ್ದಿಯೇ ವಾಚಿಗೆ ಬೆಲೆ ತಂದಿತು. 2014ರಲ್ಲಿ ಆ ಮಾತು ಹೊರಬೀಳುತ್ತಲೇ ಜನ ಎಚ್‌ಎಂಟಿ ಮಳಿಗೆಗಳಿಗೆ ಮುಗಿಬಿದ್ದರು. ಇನ್ನು ತಯಾರಾಗದು ಎಂದಾದ ವಸ್ತುವಿಗೆ ಸಂಗ್ರಾಹಕ ಕೊಡುವ ಬೆಲೆಯೇ ಬೇರೆ. ಬಿಳಿ ಡಯಲ್ಲಿನ ಸರಳ 'ಜನತಾ', ಕಪ್ಪು ಡಯಲ್ಲಿನ 'ಪೈಲಟ್', ಸೈನಿಕರ ನೆನಪು ತರುವ 'ಜವಾನ್', ತೆಳ್ಳನೆಯ 'ಸೋನಾ' - ಒಂದೊಂದಕ್ಕೂ ಅದರದೇ ಅಭಿಮಾನಿಗಳಿದ್ದಾರೆ. ತಾನೇ ಕೀಲಿ ಕೊಟ್ಟುಕೊಳ್ಳುವ 'ಕಾಂಚನ್'ಗಂತೂ 'ವರದಕ್ಷಿಣೆ ವಾಚು' ಎಂಬ ಅಡ್ಡಹೆಸರೇ ಬಿದ್ದಿತ್ತು.

ಸಂಗ್ರಾಹಕ ಮೊದಲು ನೋಡುವುದು ಡಯಲ್. ಹಳೆಯ ಡಯಲ್ ಮಾಸಿರುತ್ತದೆ, ಅಂಚಿನಲ್ಲಿ ಚುಕ್ಕೆ ಬಿದ್ದಿರುತ್ತದೆ. ಸಾಮಾನ್ಯರ ಕಣ್ಣಿಗೆ ಅದು ಕೊರತೆ. ಬಲ್ಲವರ ಕಣ್ಣಿಗೆ ಅದೇ ಸಾಕ್ಷಿ. ಹಳೆಯ ಡಯಲ್ಲಿಗೆ ಹೊಸ ಬಣ್ಣ ಬಳಿದು, ಅಕ್ಷರ ಅಚ್ಚು ಹಾಕಿ, ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ 'ಹಳೆಯ ವಾಚು' ಎಂದು ಮಾರುವ ದಂಧೆ ದೊಡ್ಡದು. ಕಂಪನಿ ಎಂದೂ ತಯಾರಿಸದ ಕಡುಬಣ್ಣದ ಪೈಲಟ್‌ಗಳು ಬರುವುದು ಇದೇ ದಾರಿಯಲ್ಲಿ. ಅಕ್ಷರದ ಅಂಚು ಹರಡಿದ್ದರೆ, ಗಂಟೆಯ ಗೆರೆಗಳು ಮುಳ್ಳಿನ ತುದಿಗೆ ಸರಿಯಾಗಿ ಕೂಡದಿದ್ದರೆ, ನಲವತ್ತು ವರ್ಷದ ವಾಚು ನಿನ್ನೆ ತಂದಂತೆ ಫಳಫಳಿಸಿದರೆ ಅನುಮಾನಿಸಬೇಕು.

ಎರಡನೆಯದು ಹಿಂಬದಿಯ ಮುಚ್ಚಳದ ಒಳಗಿನ ಯಂತ್ರ. ಜನತಾ, ಪೈಲಟ್‌ಗಳ ಯಂತ್ರ ಸಿಟಿಜನ್ ವಿನ್ಯಾಸವನ್ನು ಆಧರಿಸಿದ್ದು. ಕೀಲಿ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಬಲ ಒಮ್ಮೆಲೇ ಹರಿದುಹೋಗದಂತೆ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಾರಿ ತಡೆದು ಬಿಡುತ್ತದೆ. ಟಿಕ್ ಟಿಕ್ ಎನ್ನುವುದು ಆ ತಡೆಯ ಸದ್ದು. ಡಯಲ್ಲಿನ ಮೇಲೆ ಬರೆದ '17 ಜ್ಯೂಯೆಲ್ಸ್' ಎಂದರೆ ಚಕ್ರದ ಕಂಬಿಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯಗಳು. ಅವುಗಳನ್ನು ಕಿತ್ತು ಮಾರಿದರೆ ಹಣ ಬರುತ್ತದೆಂಬುದು ಭ್ರಮೆ.

ಇಲ್ಲಿ ನಿಜವಾದ ಪೇಚು ಮಾರುವವರದು. ತಂದೆಯ ವಾಚನ್ನು ಕಡಿಮೆ ಬೆಲೆಗೆ ಕೊಟ್ಟು, ಆಮೇಲೆ ಅದರ ಮೌಲ್ಯ ತಿಳಿದು ಕೈಕೈ ಹಿಸುಕಿಕೊಳ್ಳುವವರು ಒಂದು ಕಡೆ. ಎಚ್‌ಎಂಟಿ ಎಂಬ ಹೆಸರಿದ್ದರೆ ಸಾಕು, ಲಕ್ಷ ಬರುತ್ತದೆ ಎಂದು ಕಾಯುವವರು ಇನ್ನೊಂದು ಕಡೆ. ಎಚ್‌ಎಂಟಿ ಲಕ್ಷಗಟ್ಟಲೆ ವಾಚು ತಯಾರಿಸಿದ ಕಂಪನಿ, ಎಲ್ಲವೂ ಅಪರೂಪವಲ್ಲ. ಅಸಲಿ ಡಯಲ್, ಅಸಲಿ ಮುಳ್ಳು, ಜೊತೆಗೆ ಡಬ್ಬಿ, ರಸೀದಿ ಉಳಿದಿದ್ದರೆ ಬೆಲೆ ಏರುತ್ತದೆ. ಮಾರುವ ಮೊದಲು ಉಜ್ಜಿ ಹೊಳಪು ಕೊಡಿಸುವುದು, ಡಯಲ್ಲಿಗೆ ಬಣ್ಣ ಹಾಕಿಸುವುದು ಎಂದರೆ ಕೈಯಾರೆ ಬೆಲೆ ಇಳಿಸಿಕೊಂಡಂತೆ.

ಇಟ್ಟುಕೊಳ್ಳುವುದಾದರೆ ಬೇರೆ ಲೆಕ್ಕ. ವರ್ಷಗಟ್ಟಲೆ ನಿಂತ ವಾಚಿನ ಎಣ್ಣೆ ಒಣಗಿರುತ್ತದೆ. ಶುಚಿ ಮಾಡಿಸದೆ ಓಡಿಸಿದರೆ ಒಳಗಿನ ಭಾಗಗಳು ಸವೆಯುತ್ತವೆ. ಆದರೆ ಕೀಲಿ ವಾಚು ಬಿಚ್ಚಿ ಜೋಡಿಸಬಲ್ಲ ರಿಪೇರಿಯವರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಬಿಡಿಭಾಗಕ್ಕೆ ಇನ್ನೊಂದು ಹಳೆಯ ವಾಚನ್ನೇ ಬಿಚ್ಚಬೇಕಾದ ಸ್ಥಿತಿ. ಕಾರ್ಖಾನೆ ಹೋದದ್ದಕ್ಕಿಂತ ದೊಡ್ಡ ನಷ್ಟ ಈ ಕೈಗಳು ಹೋಗುವುದರಲ್ಲಿದೆ. ಡಯಲ್ಲಿನ ಬೆಲೆ ಸಂತೆ ನಿರ್ಧರಿಸೀತು. ವಾಚು ಓಡುವುದೋ ನಿಲ್ಲುವುದೋ ಎಂಬುದನ್ನು ನಿರ್ಧರಿಸುವವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತ ಆ ಕುಶಲಕರ್ಮಿಗಳೇ.